ಮೆತ್ತನೆಯ ಬೆಳಕು

ಫೆಬ್ರವರಿ 9, 2024

ಬೆಳಿಗ್ಗೆಯೆಲ್ಲ ಪಾಸ್‌ಪೋರ್ಟ್ ಫೋಟೊದವರೇ. ಮಧ್ಯಾಹ್ನ ಭೀಮನಬೀಡಿನ ಮೂಗಮ್ಮ ಗಂಡನನ್ನು ಸ್ಟುಡಿಯೊಗೆ ಕರೆದುಕೊಂಡು ಬಂದರು. ಅವರ ಮಗಳು ಮಾನಸಳ ಮದುವೆಗೆ ನಾನೇ ಫೋಟೊಗ್ರಾಫರ್. ಗಂಡ ಪುಟ್ಟಮಾದು. ಹೋದ ವರ್ಷ ಹೊಲದಂಚಿನಲ್ಲಿ ಕರಡಿ ಮೈಮೇಲೆ ಬಿತ್ತು. ಎಡಗಣ್ಣಿಲ್ಲ. ಕೆನ್ನೆ, ಹೊಲಿದ ಚೀಲದ ಹಾಗೆ. ಆಸ್ಪತ್ರೆಯಲ್ಲಿ ಯಾರೋ ತೆಗೆದ ಫೋಟೊ ನೋಡಿದಂದಿನಿಂದ ಕ್ಯಾಮೆರಾ ಕಂಡರೆ ಎದ್ದು ಹೋಗುತ್ತಾರಂತೆ. ಮದುವೆಯಲ್ಲೂ ಸ್ಟೇಜ್ ಹತ್ತುವುದಿಲ್ಲವೆಂದು ಹಠ.

ಆ ಫೋಟೊವನ್ನು ಮೂಗಮ್ಮ ಮೊಬೈಲಿನಲ್ಲಿ ತೋರಿಸಿದರು. ಫ್ಲ್ಯಾಶ್ ನೇರ ಮುಖಕ್ಕೆ ಹೊಡೆದಿದ್ದಾರೆ. ಒಂದೊಂದು ಹೊಲಿಗೆಗೂ ಕಪ್ಪು ನೆರಳು…

ಫೆಬ್ರವರಿ 11

ಮೂಗಮ್ಮನ ಬಲವಂತಕ್ಕೆ ಪುಟ್ಟಮಾದಣ್ಣ ಒಂದು ಟ್ರಯಲ್ ಫೋಟೊಗೆ ಕೂತರು. ಫ್ಲ್ಯಾಶ್ ಮೇಲಕ್ಕೆ ತಿರುಗಿಸಿ ಹಿಂದೆ ಬಿಳಿ ಕಾರ್ಡ್ ಕಟ್ಟಿದೆ. ಬೆಳಕು ಸೀಲಿಂಗಿಗೂ ಕಾರ್ಡಿಗೂ ತಾಗಿ ಹರಡಿಕೊಂಡು ಬಂತು. ಗಾಯ ಹೋಗಿಲ್ಲ — ಇದೆ. ಆದರೆ ಮೊದಲು ಕಾಣುವುದು ಮನುಷ್ಯ. ಪುಟ್ಟಮಾದಣ್ಣ ಆ ಫೋಟೊವನ್ನು ತುಂಬಾ ಹೊತ್ತು ನೋಡಿದರು.

"ನಾನೇ ಕಣವ್ವ," ಎಂದರು. "ಸ್ಟೇಜ್ ಮ್ಯಾಕೆ ಬತ್ತೀನಿ ಬುಡು."

ಮೂಗಮ್ಮ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದರು.

ಫೆಬ್ರವರಿ 18, ಸಂಜೆ

ತೆರಕಣಾಂಬಿಯ ಛತ್ರ. ಸೀಲಿಂಗ್ ಕಡುಹಸಿರು — ಅಲ್ಲಿಗೆ ಹೊಡೆದರೆ ಎಲ್ಲರ ಮುಖವೂ ಹಸಿರು. ಬೆಳಕು ಮೆತ್ತಗಾಗಲೆಂದು ಫ್ಲ್ಯಾಶಿಗೆ ಡಿಫ್ಯೂಸರ್ ಹಾಕಿ, ಪಕ್ಕಕ್ಕೆ ದೊಡ್ಡ ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿದೆ. ಧಾರೆಗೆ ಮುಂಚೆ ಪುಟ್ಟಮಾದಣ್ಣ ಹೊಸ ಪಂಚೆ ಉಟ್ಟು ಮಗಳ ಪಕ್ಕ ನಿಂತರು. ಎರಡು ಫೋಟೊ ಸಿಕ್ಕವು. ಒಂದರಲ್ಲಿ ಮಾನಸ ಅಪ್ಪನ ತೋಳು ಹಿಡಿದಿದ್ದಾಳೆ.

ಅಷ್ಟರಲ್ಲಿ ಗಂಡಿನ ಕಡೆಯ ವಿಡಿಯೊದವನು ಬಂದು ದೊಡ್ಡ ಲೈಟ್ ನೇರ ಹಿಡಿದ. ಎದುರಿನ ಸ್ಕ್ರೀನಿನಲ್ಲಿ ಆ ಮುಖ ಗೋಡೆಯಷ್ಟಾಯಿತು. ಮುಂದಿನ ಸಾಲಿನ ಮಗು ಕಿರುಚಿತು. ಗಂಡಿನ ತಾಯಿ ಯಶೋದಮ್ಮ ಮುಖ ತಿರುಗಿಸಿದರು. ಪುಟ್ಟಮಾದಣ್ಣ ತಾವಾಗಿಯೇ ಸ್ಟೇಜ್ ಇಳಿದು ಹೋದರು. ಧಾರೆ ಎರೆಯಲು ಅವರ ತಮ್ಮ ಶಿವರಾಮು ಕೂತರು.

ಮಾರ್ಚ್ 6

ಚಾಮರಾಜನಗರದಿಂದ ಮಾನಸಳ ಫೋನ್. ಆಲ್ಬಮಿಗೆ ಫೋಟೊ ಆರಿಸಿದ್ದು ಅತ್ತೆಯಂತೆ.

"ರೂಪಕ್ಕಾ… ಅಪ್ಪನ್ ಫೋಟೊ ಆಕ್ಬೇಡಿ. ನಾಳೆ ನಾನು ಬಸುರಾದ್ರೆ ಅದ್ನ ನೋಡ್ಬಾರ್ದಂತೆ."

ತವರಿನ ಕಾಪಿಯಲ್ಲಾದರೂ ಇರಲಿ ಎಂದೆ. ಬಾಣಂತನಕ್ಕೆ ಅಲ್ಲಿಗೇ ತಾನೇ ಹೋಗುವುದು ಅಂತಾರೆ ಅತ್ತೆ ಎಂದಳು. ಫೋಟೊ ಚೆನ್ನಾಗಿದೆ, ಹೆದರುವಂಥದ್ದೇನೂ ಇಲ್ಲ ಎಂದೆ.

"ನಂಗೊತ್ತು ಅಕ್ಕಾ. ಇಲ್ಲಿ ಬಾಳ್ಬೇಕಲ್ಲ ನಾನು."

ತೆಗೆದುಹಾಕಿದೆ. ಎರಡು ಫೋಟೊಗಳನ್ನೂ, ಎರಡು ಕಾಪಿಯಿಂದಲೂ.

ಏಪ್ರಿಲ್ 2

ಪುಟ್ಟಮಾದಣ್ಣ ಗುಂಡ್ಲುಪೇಟೆಯ ನನ್ನ ಸ್ಟುಡಿಯೊಗೆ ಒಬ್ಬರೇ ಬಂದಿದ್ದರು, ತಮ್ಮ ಮನೆಯ ಕಾಪಿ ಒಯ್ಯಲು. ಬೆಂಚಿನ ಮೇಲೆ ಕೂತು ಆಲ್ಬಮ್ ಬಿಡಿಸಿದರು. ಮಗಳ ಫೋಟೊ ಬಂದಲ್ಲೆಲ್ಲ ತಡೆದು ನೋಡಿದರು. ಮುಗಿಯಿತು. ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಬೇಗ ಬೇಗ.

"ಆಳೆ ಏನಾರ ಅಂಟ್ಕೊಂಡದಾ ನೋಡವ್ವ," ಎಂದು ನನ್ನ ಕೈಗೆ ಕೊಟ್ಟರು.

ಒಂದೂ ಅಂಟಿರಲಿಲ್ಲ. ಆದರೂ ಉಗುರು ಹಾಕಿ ಒಂದೊಂದೇ ಹಾಳೆ ಬಿಡಿಸುತ್ತಾ ಹೋದೆ. ಅವರು ಪಕ್ಕದಲ್ಲೇ ಬಗ್ಗಿ ನಿಂತಿದ್ದರು. ಕೊನೆಯ ಹಾಳೆಗೆ ಬಂದಾಗ, ಅವರ ಫೋಟೊ ನಾನೇ ತೆಗೆದುಹಾಕಿದ್ದೆಂದು ಹೇಳಲಾರದೆ, ಮತ್ತೆ ಮೊದಲ ಹಾಳೆಗೆ ಉಗುರು ಹಾಕಿದೆ.