ಒಂದು ನಿಲುವಂಗಿ ಹೆಚ್ಚು

ತಮ್ಮಾ,

ನೀವೆಲ್ಲ ಒಬ್ಬೊಬ್ಬರಾಗಿ ಹೋಗಿ ಸೇರಿಕೊಂಡಿರುವ ಆ ಲೋಕದಲ್ಲಿ ಅಪ್ಪ ಆರಾಮವೇ? ಅಮ್ಮನ ಮಂಡಿನೋವು ಅಲ್ಲಾದರೂ ಬಿಟ್ಟಿತೇ? ಚಿಕ್ಕಮ್ಮ ಈಗಲೂ ಎಲ್ಲರ ಬಾಯಿ ಮುಚ್ಚಿಸುತ್ತಾಳೆಯೇ? ನಾನು ಚೆನ್ನಾಗಿದ್ದೇನೆ.

ಚರ್ಚಿನಲ್ಲಿ ಹಾಡುವವರಿಗೆ ಹೊಸ ನಿಲುವಂಗಿ ಹೊಲಿಯಲು ನಿನ್ನ ದರ್ಜಿಗೇ ಹೇಳಿದ್ದರು. ಅವನ ಜೊತೆ ಸಂಸಾರ ಹೂಡಿದೆ ಎಂದು ನಿನ್ನನ್ನು ಹಾಡುವ ಸಾಲಿನಿಂದ ಇಳಿಸಿದ್ದು ಇದೇ ಚರ್ಚು. ಈಗಿನ ಫಾದರ್ ಹೊಸಬರು, ಹಳೆಯದನ್ನು ಯಾರೂ ಅವರ ಕಿವಿಗೆ ಹಾಕಿಲ್ಲ.

ಭಾನುವಾರ ಬೆಳಿಗ್ಗೆ ಹಾಡುವವರ ಕೋಣೆಗೆ ಅವನು ಗಂಟು ತಂದು ಬಿಚ್ಚಿದ, ನಾನೂ ಜೊತೆಗೆ ಹೋಗಿದ್ದೆ. ಎಲ್ಲರೂ ತೊಟ್ಟುಕೊಂಡ ಮೇಲೂ ಒಂದು ಉಳಿಯಿತು. ಉದ್ದನೆಯದು, ಎಡ ಹೆಗಲು ಸ್ವಲ್ಪ ಇಳಿಜಾರು.

“ಏನಪ್ಪಾ, ಇದೊಂದು ಹೆಚ್ಚಾಯ್ತಲ್ಲ, ಯಾರದು?” ಎಂದರು ಫಾದರ್.

ಅವನು ಟೇಪನ್ನು ಬೆರಳಿಗೆ ಸುತ್ತುತ್ತಾ, “ಕೈ ಅಭ್ಯಾಸ ಫಾದರ್. ವಾಪಸ್ ತಗೊಂಡು ಹೋಗ್ತೀನಿ,” ಎಂದ.

ಹಳೆಯ ಹಾಡುಗಾರರೆಲ್ಲ ನೆಲ ನೋಡುತ್ತಿದ್ದರು. ನಿನ್ನ ಆ ಇಳಿಜಾರು ಹೆಗಲು ಅವರಿಗೂ ಗೊತ್ತು.

“ಇಲ್ಲೇ ಇರಲಿ, ನನ್ನ ತಮ್ಮಂದು. ಇವರು ಅವನ ಮನೆಯವರು,” ಎಂದೆ. ಆ ಕೋಣೆಯಲ್ಲಿ ನಾನು ಹಾಗೆಂದದ್ದು ಇದೇ ಮೊದಲು. ಅದನ್ನು ಕಿಟಕಿ ಪಕ್ಕದಲ್ಲಿ ನೀನು ನಿಲುವಂಗಿ ಹಾಕುತ್ತಿದ್ದ ಮೊಳೆಗೆ ತಗುಲಿಹಾಕಿದೆ. ಫಾದರ್, “ಸರಿ, ಇರಲಿ,” ಎಂದರು.

“ಅಕ್ಕಾ, ನಿಮಗೆ ಇಷ್ಟು ಗಂಟಲಿದೆ ಅಂತ ಗೊತ್ತೇ ಇರ್ಲಿಲ್ಲ,” ಎಂದ ಅವನು.

“ನಂಗೂ ಗೊತ್ತಿರ್ಲಿಲ್ಲಪ್ಪಾ.”

ಪ್ರಾರ್ಥನೆಗೆ ನನ್ನ ಪಕ್ಕದಲ್ಲೇ ಕೂತ. ತೋಳು ಎಲ್ಲಿ ಗಿಡ್ಡವಾಯಿತೋ ಎಂದು ಅವನಿಗೆ ಒಂದೇ ಅನುಮಾನ. ಹೊಲಿಗೆ ಬಿಚ್ಚಿ ಉದ್ದ ಮಾಡಿಕೊಡುತ್ತಾನಂತೆ, ಬೇಗ ಬರೆದು ತಿಳಿಸು.

ನಿನ್ನ ಅಕ್ಕ