ಭದ್ರೆಯ ಮೇಲೆ ಸುಪ್ರಿಯಾ

ನವೆಂಬರ್ 18, ಸೋಮವಾರ

ಬೆಳಿಗ್ಗೆ ಜನ್ನಾಪುರದಿಂದ ಬಸ್ ಸ್ಟ್ಯಾಂಡಿಗೆ ಎರಡು ಟ್ರಿಪ್. ಆಮೇಲೆ ಬಾಡಿಗೆ ಹಿಡಿಯಲಿಲ್ಲ. ಆಟೊ ತಿರುಗಿಸಿ ಹೆಂಡತಿ ಸುಪ್ರಿಯಾಳನ್ನು ಪ್ರಾಕ್ಟೀಸಿಗೆ ಹೊಳೆಗೆ ಬಿಟ್ಟೆ. ದಡದಲ್ಲಿ ಕೃತಕ ಕಾಲು ಬಿಚ್ಚಿ ನನ್ನ ಕೈಗೆ ಕೊಟ್ಟಳು, ಕೆಂಪು ಕಯಾಕಿನೊಳಗೆ ಜಾರಿ ಕೂತಳು. ಅಪಘಾತದಲ್ಲಿ ಕಾಲು ಹೋಗಿ ಆರು ವರ್ಷ. ನೀರಿನ ಮೇಲಿದ್ದಾಗ ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ಮುಂದಿನ ತಿಂಗಳು ಲಕ್ಕವಳ್ಳಿಯಿಂದ ಕೂಡ್ಲಿಯವರೆಗೆ ಭದ್ರೆಯಲ್ಲಿ ಮೂರು ದಿನ ಕಯಾಕ್ ಯಾನ. ಬರುವ ದೇಣಿಗೆಯೆಲ್ಲ ಕಾಲು ಕಳೆದುಕೊಂಡ ಮಕ್ಕಳಿಗೆ. ಅವರು ಬೆಳೆದ ಹಾಗೆಲ್ಲ ಹೊಸ ಕಾಲು ಬೇಕಲ್ಲ... ಆಸ್ಪತ್ರೆಯ ಮಂಚದ ಮೇಲೆ ಅವಳಿಗೆ ಹೊಳೆದ ಮಾತು. ಗೋಪಾಳದ ಪ್ರಸನ್ನಕುಮಾರ್ ಅವರ ಟ್ರಸ್ಟ್ ಜೊತೆಗಿದೆ. ನಾನು ಆಟೊದಲ್ಲಿ ದಡದುದ್ದಕ್ಕೂ — ಊಟ, ನೀರು, ಮುಲಾಮು.

ಡಿಸೆಂಬರ್ 6, ಶುಕ್ರವಾರ

ಹೊರಟಳು. ತಿರುಗಿ ನೋಡಲಿಲ್ಲ. ಒಳ್ಳೆಯದೇ ಆಯಿತು, ನನ್ನ ಮುಖ ನೋಡುವ ಹಾಗಿರಲಿಲ್ಲ.

ಡಿಸೆಂಬರ್ 7, ಶನಿವಾರ, ಸಂಜೆ

ಭದ್ರಾವತಿ ಸೇತುವೆಯ ಹತ್ತಿರ ಜನ, ಹಾರ, ಬ್ಯಾಂಡ್ ಸೆಟ್. ಆದರೆ ಅದಕ್ಕೂ ಮೊದಲೇ, ತಿರುವಿನಲ್ಲಿ, ಹೊಳೆ ತುಂಬ ಕಳೆ. ಕಯಾಕ್ ಸಿಕ್ಕಿಕೊಂಡಿತು. ಹಿಂದೆ ಬರುತ್ತಿದ್ದ ರಕ್ಷಣಾ ದೋಣಿಯೂ ಅಲ್ಲೇ ನಿಂತಿತು.

"ಆಟೊ ಮೇಲೆ ಹಾಕಿ ಯೋಗೇಶ್, ಸೇತುವೆ ದಾಟಿಸಿ ಇಳಿಸೋಣ," ಎಂದರು ಪ್ರಸನ್ನಕುಮಾರ್. "ಯಾರೂ ಕೇಳಲ್ಲ."

ಸುಪ್ರಿಯಾ ನೀರಿನಿಂದಲೇ ಕೂಗಿದಳು. "ಹೊಳೇಲೇ ಬರ್ತೀನಿ ಅಂತ ಜನರ ಹತ್ರ ದುಡ್ಡು ಕೇಳಿದೀನಿ ಸರ್. ಹೊಳೇಲೇ ಬರ್ತೀನಿ."

"ಕೈ ನೋಡ್ಕೊ ಮಾರಾಯ್ತಿ, ರಕ್ತ ಬರ್ತಿದೆ!" ಎಂದೆ.

"ನೀವು ಸುಮ್ನಿರಿ."

ಸುಮ್ಮನಿರಲಿಲ್ಲ. ಸೇತುವೆಗೆ ಓಡಿ ವಿಷಯ ಹೇಳಿದೆ. ಕಾರ್ಖಾನೆಯಿಂದ ರಿಟೈರ್ ಆದ ಲಿಂಗಪ್ಪ ಅಲ್ಲೇ ಪಂಚೆ ಎತ್ತಿ ಕಟ್ಟಿದರು. "ಚಪ್ಲಿ ಬಿಡ್ರೋ! ಹಾರ ಆಮೇಲೆ ಹಾಕಣ!" ತೋಟದವರು ಅಡಿಕೆ ಕೊಯ್ಯುವ ಉದ್ದನೆಯ ದೋಟಿ ತಂದರು. ಕೊಕ್ಕೆ ಹಾಕಿ ಕಳೆ ಎಳೆದರು. ಬ್ಯಾಂಡಿನವರೂ ಡೋಲು ಇಟ್ಟು ಸೊಂಟದುದ್ದ ನೀರಿಗಿಳಿದರು. ಆ ಕಡೆಯಿಂದ ಅವಳು ಹುಟ್ಟಿನಲ್ಲೇ ಬಗೆಯುತ್ತ ಬಂದಳು. ಇಷ್ಟಗಲ ದಾರಿ ಬಿಟ್ಟಿತು. ನುಗ್ಗಿಯೇ ಬಿಟ್ಟಳು!

ಬಾರಿಸುವವರೆಲ್ಲ ನೀರಿನಲ್ಲಿ, ಹಾಗಾಗಿ ವಾದ್ಯವಿಲ್ಲ. ಸೇತುವೆ ತುಂಬ ಬರೀ ಅವಳ ಹೆಸರು.

ಲಿಂಗಪ್ಪ ಕೆಸರು ಕೈಯಲ್ಲೇ ನನ್ನ ಭುಜ ಹಿಡಿದರು. "ನೀನು ಸುಪ್ರಿಯಾನ ಗಂಡ ಅಲ್ವೇನೋ?"

ಸ್ಟ್ಯಾಂಡಿನಲ್ಲಿ ಇಷ್ಟು ವರ್ಷ ಅವಳು ಆಟೊ ಯೋಗೇಶನ ಹೆಂಡತಿ. ಹೌದು ಎಂದೆ. ಕೇಳದವರಿಗೂ ಹೇಳಿಕೊಂಡು ಬಂದೆ.

ಡಿಸೆಂಬರ್ 8, ಭಾನುವಾರ, ಕೂಡ್ಲಿ

ಸಂಗಮದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಎರಡೂ ಅಂಗೈಗೆ ಪಟ್ಟಿ ಕಟ್ಟಿ ಕಳಿಸಿದ್ದು. ಹೊಳೆಹೊನ್ನೂರಿನ ಹತ್ತಿರ ಕಂಡಾಗ ನಗುತ್ತಿದ್ದಳು. ಪಕ್ಕದಲ್ಲಿ ಅವ್ವ. ಯಾತ್ರೆಗೆ ಬಂದ ಹೆಂಗಸರನ್ನೆಲ್ಲ ಸುತ್ತ ಕೂರಿಸಿಕೊಂಡಿದ್ದಾಳೆ.

ಎರಡು ಹೊಳೆ ಕೂಡುವಲ್ಲಿ ಏನೋ ಕೆಂಪು... ಕೊಂಬೆಯೋ? ಅಲ್ಲ. ಹುಟ್ಟು ಏಳುತ್ತಿದೆ, ಬೀಳುತ್ತಿದೆ. ಅವ್ವ ಎದ್ದೇಬಿಟ್ಟಳು. "ನೋಡ್ರೇ, ನಮ್ ಸೊಸೆ! ಬಂದ್ಲು ನೋಡ್ರೇ!" ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಬರೆಯೋದು ಬಿಡೋ, ಇಳಿಯೋ ನೀರಿಗೆ—"