ಕಾರಿನ ಕಿಟಕಿಗೆ ಕಂಡಷ್ಟು ಹೊಲ

ಜಿಲ್ಲಾ ಕೃಷಿ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಬೇಜಾ ಪಟ್ಟಣದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನನ್ನ ದೊಡ್ಡಮ್ಮ ಮಬ್ರೂಕಾ ಗೇಣಿಗೆ ಮಾಡುತ್ತಿರುವ ಸರ್ಕಾರಿ ಹೊಲವನ್ನು ‘ಗೇಣಿದಾರರ ನಿರ್ಲಕ್ಷ್ಯದಿಂದ ಸಾರ ಕಳೆದುಕೊಂಡ ಭೂಮಿ’ ಎಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ಈ ಗೋಧಿ ಕೊಯ್ಲಾದ ಮೇಲೆ ಹೊಲ ಅವರ ಕೈ ತಪ್ಪುತ್ತದಂತೆ. ಸಾರ ಕಳೆದವರು ಯಾರೆಂದು ತಿಳಿಸಲು ಈ ಪತ್ರ. ಬಾಯಲ್ಲೇ ಹೇಳೋಣವೆಂದು ಕಚೇರಿಗೂ ಬಂದಿದ್ದೆ. ನಿಮ್ಮ ಬಾಗಿಲಲ್ಲಿ ಕುಳಿತವರ ದನಿ ನನ್ನ ದನಿಗಿಂತ ದೊಡ್ಡದಿತ್ತು. ವಾಪಸಾದೆ.

ನಾನು ಓದಿದ್ದು ಸಾಹಿತ್ಯ. ಬೇಸಾಯದ ಪಾಠ ನಮ್ಮೂರಿಗೆ ಹೇಳಿದ್ದು ನಿಮ್ಮ ಕಚೇರಿಯೇ. ಕೆಲವು ವರ್ಷಗಳ ಹಿಂದೆ ನಿಮ್ಮವರೊಬ್ಬರು ಆಲಿವ್ ಮರದ ನೆರಳಲ್ಲಿ ನಿಂತು ಹೇಳಿದ್ದರು: ನಾವು ಫೂಲ್ ಎನ್ನುವ ಅವರೆಯ ಗಿಡ ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದಿಡುತ್ತದೆ, ಕಾಳು ಬಿಡಿಸಿಕೊಂಡು ಬೇರು, ಕಡ್ಡಿ, ಎಲೆ ಎಲ್ಲವನ್ನೂ ಅಲ್ಲೇ ಉತ್ತುಬಿಡಿ, ಮುಂದಿನ ಗೋಧಿಗೆ ಅದೇ ಗೊಬ್ಬರ. ದೊಡ್ಡಮ್ಮ ನಂಬಿದರು. ನಂಬಿಕೆಗೆ ಬೆಲೆಯಿತ್ತು. ಅಲ್ಲಿಯತನಕ ಕಡ್ಡಿಯೆಲ್ಲ ಪಕ್ಕದ ಹೊಲದ ಹತ್ತಾಬನ ಕುರಿಗಳಿಗೆ ಹೋಗುತ್ತಿತ್ತು, ಅವನ ಮನೆಯಿಂದ ಈದ್‌ಗೆ ಕುರಿಯ ಒಂದು ತೊಡೆ ಬರುತ್ತಿತ್ತು.

“ಅಕ್ಕಾ, ನನ್ನ ಕುರಿ ಬಾಯಿಂದ ಕಿತ್ತು ಮಣ್ಣಿಗೆ ತಿನ್ನಿಸ್ತೀಯಲ್ಲ, ಮಣ್ಣು ಈದ್‌ಗೆ ಮಾಂಸ ಕಳ್ಸತ್ತಾ?” ಎಂದು ಅವನು ಬೇಲಿಯಾಚೆಯಿಂದ ಕೂಗಿದ.

“ಮಣ್ಣು ರೊಟ್ಟಿ ಕಳ್ಸತ್ತೆ. ಮಾಂಸ ನೀನು ಕಳ್ಸು, ಬೇಡ ಅಂದೋರು ಯಾರು?”

ಅವನು ಕಳಿಸಲಿಲ್ಲ. ಗೋಧಿ ಮಾತ್ರ ಚೆನ್ನಾಗಿ ಬಂತು.

ಕಳೆದ ಬೇಸಿಗೆಯಲ್ಲಿ ರಾಜಧಾನಿಯ ದೊಡ್ಡವರೊಬ್ಬರು ನಮ್ಮ ರಸ್ತೆಯಲ್ಲಿ ಹಾದುಹೋಗುತ್ತಾರೆಂದು ಗೊತ್ತಾಯಿತು. ಹೋಗುತ್ತಿದ್ದದ್ದು, ಕ್ಷಮಿಸಿ, ಮಣ್ಣಿನ ಫಲವತ್ತತೆಯ ಸಭೆಯನ್ನು ಉದ್ಘಾಟಿಸಲು. ಆಗ ಕಾಳು ಬಿಡಿಸಿದ ಅವರೆ ಕಡ್ಡಿ ಉಳುಮೆಗೆ ಕಾಯುತ್ತಾ ಹೊಲದಲ್ಲೇ ಇತ್ತು. ಅವರು ಬರುವ ಹಿಂದಿನ ದಿನ ನಿಮ್ಮ ಮೇಲ್ವಿಚಾರಕರು ಟ್ರ್ಯಾಕ್ಟರ್, ಕೂಲಿಯಾಳುಗಳ ಸಮೇತ ಬಂದರು.

“ಏನಮ್ಮಾ ಇದು, ಹೊಲಾನಾ ತಿಪ್ಪೇನಾ?”

“ತಿಪ್ಪೆ ಅಂತ್ಲೇ ಇಟ್ಕೊಳ್ಳಪ್ಪಾ. ನಿಮ್ಮೋರೇ ಹೇಳ್ಕೊಟ್ಟ ತಿಪ್ಪೆ.”

“ಹೇಳ್ಕೊಟ್ಟಿದ್ದು ಸರಿ. ರಸ್ತೆಗೆ ಕಾಣೋ ಹಾಗೆ ಮಾಡಿ ಅಂದಿದ್ವಾ?”

ಕಡ್ಡಿಯನ್ನೆಲ್ಲ ಬುಡಸಮೇತ ಕಿತ್ತರು, ಒಯ್ದರು, ಹಳ್ಳದಲ್ಲಿ ಸುಟ್ಟರು. ಆ ಹೊಲ ರಸ್ತೆಯಿಂದ ದಿಬ್ಬ ಹತ್ತಿ ಆಚೆಗೆ ಇಳಿಯುತ್ತದೆ. ಆಳುಗಳು ನೆತ್ತಿ ತಲುಪಿದಾಗ ಮೇಲ್ವಿಚಾರಕರು ರಸ್ತೆಯಲ್ಲೇ ನಿಂತು ಕೂಗಿದರು: “ಸಾಕು, ಬನ್ರೋ! ಅದರಾಚೆ ಇಲ್ಲಿಂದ ಕಾಣಲ್ಲ!” ಮರುದಿನ ಕಾರುಗಳು ಹೋದವು, ಗಾಜು ಏರಿಸಿಕೊಂಡೇ. ಅಷ್ಟು ಸ್ವಚ್ಛ ಹೊಲವನ್ನು ಯಾರಾದರೂ ನೋಡಿದರೋ ಇಲ್ಲವೋ, ಸಭೆಯ ವರದಿಯಲ್ಲಿ ಇದ್ದರೆ ದಯವಿಟ್ಟು ತಿಳಿಸಿ.

ಮಳೆ ಬಂತು, ಆಚೆ ಉಳಿದ ಕಡ್ಡಿಯನ್ನು ಮಣ್ಣಿಗೆ ಉತ್ತು ಇಡೀ ಹೊಲಕ್ಕೆ ಗೋಧಿ ಬಿತ್ತಿದೆವು. ಈಗ ವಸಂತ. ದಿಬ್ಬದ ಆಚೆ ಪೈರು ಕಪ್ಪಿಡುವಷ್ಟು ಹಸಿರು, ಮೊಳಕಾಲು ದಾಟಿದೆ. ಈಚೆ ರೋಗಿಯ ಮುಖದ ಹಳದಿ. ಅದೇ ಬೀಜ, ಅದೇ ಮಳೆ, ಅದೇ ಕೈ. ನಡುವಿನ ಗೆರೆ ಸರಿಯಾಗಿ ನೆತ್ತಿಯ ಮೇಲಿದೆ. ಹತ್ತಾಬ ನೋಡಲೆಂದೇ ಹತ್ತಿ ಬಂದ. “ದೃಷ್ಟಿ ತಾಗೋದು ಅಂದ್ರೆ ಇದೇ ನೋಡಕ್ಕಾ! ಸಾಹೇಬ್ರ ಕಣ್ಣು ಎಲ್ಲೀತನಕ ಬಿತ್ತೋ ಅಲ್ಲೀತನಕ ಹಳದಿ.” ದೊಡ್ಡಮ್ಮ ನಗಲಿಲ್ಲ. ಆ ಸಂಜೆ ಅವನ ಮನೆಯಿಂದ ಒಂದು ಪಾತ್ರೆ ಮಜ್ಜಿಗೆ ಬಂತು.

ನಂತರ ನಿಮ್ಮ ತಪಾಸಣೆಯೂ ಆಯಿತು. ಕಾರು ನಿಂತಿತು, ಗಾಜು ಇಳಿಯಿತು, ಗಾಜು ಏರಿತು. ಸಾರ ಕಳೆದಿದೆ ಎಂದು ಬರೆದಿರಿ. ಬರೆದದ್ದು ಸುಳ್ಳಲ್ಲ ಎಂಬುದೇ ನನ್ನ ಕಷ್ಟ. ಮಾನ್ಯರೇ, ತಾವೇ ಕಿತ್ತ ಹಲ್ಲಿಗಾಗಿ ರೋಗಿಯನ್ನು ಬೊಚ್ಚುಬಾಯಿ ಎಂದು ಹೊರಗಟ್ಟುವ ವೈದ್ಯರನ್ನು ನೀವು ಕಂಡಿದ್ದೀರಾ?

ಬೂದಿಯಾದದ್ದನ್ನು ಹಿಂದಿರುಗಿಸಿ ಎಂದು ಕೇಳುತ್ತಿಲ್ಲ. ಕೇಳುವುದು ಇಷ್ಟೇ. ಕೊಯ್ಲಿಗೆ ಮೊದಲು, ಎರಡು ಬಣ್ಣವೂ ಒಂದೇ ಒಣಹುಲ್ಲಿನ ಬಣ್ಣವಾಗುವ ಮೊದಲು, ಒಮ್ಮೆ ಬನ್ನಿ. ಕಾರಿನಿಂದ ಇಳಿಯಿರಿ. ನೆತ್ತಿಯ ಮೇಲೆ ನಿಂತು ಎರಡೂ ಕಡೆ ನೋಡಿ, ಆಮೇಲೂ ನಿರ್ಲಕ್ಷ್ಯ ಯಾರದೆಂದು ಅನುಮಾನ ಉಳಿದರೆ ಹೊಲವನ್ನು ತೆಗೆದುಕೊಳ್ಳಿ.

ಇದನ್ನು ಓದಿ ಹೇಳಿದಾಗ ದೊಡ್ಡಮ್ಮ ಒಂದೇ ಮಾತು ಸೇರಿಸಲು ಹೇಳಿದರು: “ದಿಬ್ಬ ಎತ್ತರ ಇಲ್ಲ ಅಂತ ಬರಿ ಮಗಾ. ಪಾಪ, ಹೆದ್ರಕೊಂಡಾರು.”

ಇಂತಿ,
ರಸ್ತೆಯಿಂದ ಕಾಣದ ಕಡೆಯಲ್ಲಿ ನಿಂತು ಕಾಯುತ್ತಿರುವ
ರಬಾಬ್ ಆಯಾರಿ